ಪರಿಹಾರದ ಹಣ ಬಂದಿತ್ತು, ಹೆಬ್ಬೆರಳು ಒತ್ತಿದಾಗ ಹೋಯಿತು

ಬೆಳೆ ಹಾನಿ ಪರಿಹಾರ ಜಮೆಯಾಗಿಲ್ಲವೆಂದು ಕಂಪ್ಯೂಟರ್ ಸೆಂಟರಿಗೆ ಹೊರಟವರು ಇದನ್ನು ಓದಿಕೊಂಡು ಹೋಗಿ. ನಮ್ಮ ಮನೆಯ 10,000 ರೂಪಾಯಿ ಹೋಗಿದ್ದು ಅಂಥ ಒಂದು ಕಡೆಯೇ.

ನಮ್ಮದು ನವಲಗುಂದ ತಾಲ್ಲೂಕು, ಬೆಣ್ಣಿಹಳ್ಳದ ಕಡೆಯ ಎರೆ ಭೂಮಿ. ಮೂರು ಎಕರೆ, ಉತಾರ ಅವ್ವನ ಹೆಸರಿನಲ್ಲಿದೆ. 2025ರ ಆಗಸ್ಟ್ ಮಳೆಗೆ ಹೆಸರುಕಾಳು ಕಾಯಿಯೊಳಗೇ ಮೊಳಕೆ ಒಡೆಯಿತು. ಸಮೀಕ್ಷೆಯವರು ಬಂದು ಫೋಟೊ ತೆಗೆದುಕೊಂಡು ಹೋದ ಮೇಲೆ ಹೊಲ ಹರಗಿಬಿಟ್ಟೆವು. ಆಗಿನ ನಿಯಮದಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ನಮ್ಮ ಲೆಕ್ಕಕ್ಕೆ 10,300 ಚಿಲ್ಲರೆ. ಬೀಜ, ಗೊಬ್ಬರದ ಖರ್ಚಿಗೂ ಸಾಲದ ಹಣ, ಆದರೂ ಹಿಂಗಾರಿಯ ಕಡಲೆ ಬಿತ್ತನೆಗೆ ಆದೀತೆಂದು ಕಾದೆವು.

ಅಕ್ಕಪಕ್ಕದವರಿಗೆ ಬಂತು, ಅವ್ವನ ಪಾಸ್‌ಬುಕ್ಕಿಗೆ ಬರಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುವವನು, ‘ಭಾನುವಾರ ಬರುತ್ತೇನೆ, ತಡಿ’ ಎಂದೆ. ಅವಳು ತಡೆಯಲಿಲ್ಲ. ಸೆಂಟರಿನ ಹುಡುಗ ಆಧಾರ್ ನಂಬರ್ ಹಾಕಿ ನೋಡಿ, ‘ಎಫ್‌ಐಡಿಯಲ್ಲಿ (ರೈತರ ನೋಂದಣಿ ಸಂಖ್ಯೆಯಲ್ಲಿ) ತಪ್ಪಿದೆ, ಸರಿ ಮಾಡಬೇಕು’ ಎಂದು 200 ರೂಪಾಯಿ ತೆಗೆದುಕೊಂಡ. ಬೆರಳಚ್ಚಿನ ಯಂತ್ರ ಮುಂದಿಟ್ಟ. ಕಳೆ ಕಿತ್ತು ಕಿತ್ತು ಅವ್ವನ ಬೆರಳಿನ ಗೆರೆಗಳು ಸವೆದಿವೆ, ಮೊದಲ ಸಲ ಹಿಡಿಯಲಿಲ್ಲ. ‘ಅಜ್ಜಿ, ಸೆರಗಿನಿಂದ ಒರೆಸಿಕೊಂಡು ಗಟ್ಟಿಯಾಗಿ ಒತ್ತಿರಿ’ ಎಂದನಂತೆ. ಒತ್ತಿದಳು. ಎಂಟು ದಿನ ಬಿಟ್ಟು ನೋಡಿ ಎಂದು ಕಳಿಸಿದ. ರಸೀದಿ ಇಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಪರಿಹಾರ ಜಾಲತಾಣದಲ್ಲಿ ನಾನೇ ನೋಡಿದೆ. ಅವ್ವ ಸೆಂಟರಿಗೆ ಹೋಗುವ ಮೊದಲೇ ಹಣ ಜಮೆಯಾಗಿತ್ತು. ಆದರೆ ಖಾತೆಯ ಕೊನೆಯ ಅಂಕಿಗಳು ಪಾಸ್‌ಬುಕ್ಕಿನವಲ್ಲ. ಹುಡುಕಿದರೆ, ಎರಡು ವರ್ಷದ ಹಿಂದೆ ಜಾತ್ರೆಯಲ್ಲಿ ಸಿಮ್ ಕೊಂಡಾಗ ಬೆರಳು ಒತ್ತಿಸಿಕೊಂಡವರು ಅವಳ ಹೆಸರಿನಲ್ಲಿ ಮೊಬೈಲ್ ಬ್ಯಾಂಕಿನ ಖಾತೆಯನ್ನೂ ತೆರೆದಿದ್ದರು. ಆಧಾರ್ ಜೋಡಣೆ ಅಲ್ಲಿಗೆ ಹೋಗಿತ್ತು. ನೀವು ಯಾವ ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟರೂ ಇಂಥ ಹಣ ಬೀಳುವುದು ಆಧಾರ್ ಕೊನೆಗೆ ಜೋಡಣೆಯಾದ ಬ್ಯಾಂಕಿಗೆ. ಇದು ನನಗೂ ಗೊತ್ತಿರಲಿಲ್ಲ, ಆ ಹುಡುಗನಿಗೆ ಗೊತ್ತಿತ್ತು.

ಖಾತೆಯ ವಿವರ ತೆಗೆಸಿದೆವು. ಅವ್ವ ಹೋದ ದಿನವೇ, ಬೆಳಗಿನ ಹೊತ್ತು, ಆಧಾರ್ ಮೂಲಕ 10,000 ನಗದು ಪಡೆದ ದಾಖಲೆ. ಉಳಿದದ್ದು ಮುನ್ನೂರು ಚಿಲ್ಲರೆ. ಈ ಬಗೆಯಲ್ಲಿ ಹಣ ತೆಗೆಯಲು ಒಟಿಪಿ ಬೇಕಿಲ್ಲ, ಬೆರಳೇ ಸಹಿ. ಸಂದೇಶ ಬಂದಿದ್ದರೂ ಆ ಹಳೆಯ ಸಿಮ್ಮಿಗೆ ಬಂದಿರಬೇಕು. ಅದು ಎಲ್ಲಿ ಬಿದ್ದಿದೆಯೋ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು, ಬ್ಯಾಂಕಿಗೂ ಬರೆದೆವು. ‘ಬೆರಳು ಇಟ್ಟವರು ನೀವೇ ಅಲ್ಲವೇ?’ ಎಂಬ ಪ್ರಶ್ನೆ ಬಂತು, ಹಣ ಬಂದಿಲ್ಲ. ತಡವಾಗಿ ಕೊಟ್ಟಿದ್ದು ನಮ್ಮ ತಪ್ಪು. ಇಂಥದ್ದನ್ನು ಅದೇ ದಿನ ಹೇಳಬೇಕು.

ನೀವು ಮಾಡಬೇಕಾದದ್ದು: ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಜೋಡಣೆ ಸ್ಥಿತಿ’ ನೋಡಿ. ಬೇರೆ ಬ್ಯಾಂಕಿನ ಹೆಸರು ಕಂಡರೆ ನಿಮ್ಮ ಶಾಖೆಗೆ ಹೋಗಿ ಜೋಡಣೆಯ ಅರ್ಜಿ ಕೊಡಿ. ಎಫ್‌ಐಡಿಯ ಅನುಮಾನವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು, ಆದರೆ ಪಡಿತರ ತರುವ ದಿನ ತೆರೆಯಬೇಕಾಗುತ್ತದೆ. ಅಷ್ಟು ತೊಂದರೆ ಸಹಿಸಿಕೊಳ್ಳಿ. ಯಾರಾದರೂ ಯಂತ್ರ ಮುಂದಿಟ್ಟರೆ ತೆರೆಯಲ್ಲಿ ಏನಿದೆಯೆಂದು ಓದಿಸಿ, ಅಲ್ಲಿ ರೂಪಾಯಿಯ ಅಂಕಿ ಕಂಡರೆ ಕೈ ತೆಗೆಯಿರಿ.

ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ಸೇರಿಸಿ ಕೊಡುವುದಾಗಿ ಹೇಳಿತ್ತಲ್ಲ, ಅದಕ್ಕೆ ಮೊದಲೇ ಅವ್ವನ ಜೋಡಣೆಯನ್ನು ಹಳೆಯ ಬ್ಯಾಂಕಿಗೆ ತಂದೆವು. ಆ ಸೆಂಟರ್ ಈಗಲೂ ತೆರೆದಿದೆ, ಮುಂದೆ ಸಾಲು ಇದ್ದೇ ಇರುತ್ತದೆ.