ಕುಡುಕನ ಕಥೆನಾ, ಕೈ ಕಳ್ಕೊಂಡೋನ ಕಥೆನಾ?

ಹಳೇ ಬ್ಲಾಕ್ ಅಂಡ್ ವೈಟ್ ಹಾಲಿವುಡ್‌ನಲ್ಲಿ ಒಂದೇ ನೋಡೋಕೆ ಟೈಮ್ ಇದ್ರೆ ‘ದಿ ಲಾಸ್ಟ್ ವೀಕೆಂಡ್’ (1945) ನೋಡ್ಬೇಕಾ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ (1946) ನೋಡ್ಬೇಕಾ? ಎರಡೂ ಬೆನ್ನುಬೆನ್ನಿಗೆ ಬೆಸ್ಟ್ ಪಿಕ್ಚರ್ ಆಸ್ಕರ್ ಹೊಡೆದಿದ್ದು.

ಮೊದಲನೇದು ಡೈರೆಕ್ಟರ್ ಬಿಲ್ಲಿ ವೈಲ್ಡರ್‌ದು, ಒಬ್ಬ ಕುಡುಕ ಬರಹಗಾರನ ಕಥೆ, ಸುಮಾರು 100 ನಿಮಿಷ, ಎಲ್ಲೂ ಎಳೆಯಲ್ಲ. ಆ ಪಾತ್ರ ಮಾಡಿರೋ ರೇ ಮಿಲ್ಯಾಂಡ್ ಕುಡಿಯೋ ದುಡ್ಡಿಗೆ ಟೈಪ್‌ರೈಟರ್ ಗಿರವಿ ಇಡೋಕೆ ಅಂತ ಹೊತ್ಕೊಂಡು ನ್ಯೂಯಾರ್ಕ್ ಬೀದಿಲಿ ಅಲೀತಾನೆ, ಅವತ್ತು ಯೋಮ್ ಕಿಪ್ಪುರ್ ಅನ್ನೋ ಯಹೂದಿಗಳ ಪವಿತ್ರ ದಿನ, ಗಿರವಿ ಅಂಗಡಿ ಎಲ್ಲಾ ಬಂದ್, ಆ ಸೀನ್ ಒಂದಕ್ಕೇ ನೋಡ್ಬೋದು. ಕೊನೆ ಮಾತ್ರ ಸ್ವಲ್ಪ ಬೇಗ ಸರಿಹೋಗ್ಬಿಡತ್ತೆ, ನಂಗೆ ಒಪ್ಪಿಗೆ ಆಗ್ಲಿಲ್ಲ.

ಎರಡನೇದು ವಿಲಿಯಂ ವೈಲರ್‌ದು, ಹತ್ರತ್ರ ಮೂರು ಗಂಟೆ, ಯುದ್ಧ ಮುಗ್ಸಿ ಊರಿಗೆ ಬಂದ ಮೂವರ ಕಥೆ. ಅದ್ರಲ್ಲಿ ಹೋಮರ್ ಪಾತ್ರ ಮಾಡಿದ ಹೆರಾಲ್ಡ್ ರಸೆಲ್ ನಟನೇ ಅಲ್ಲ, 1944ರಲ್ಲಿ ಸೈನ್ಯದ ಟ್ರೈನಿಂಗ್‌ನಲ್ಲಿ ಸ್ಫೋಟ ಆಗಿ ನಿಜವಾಗ್ಲೂ ಎರಡೂ ಕೈ ಕಳ್ಕೊಂಡೋರು, ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಸಿಕ್ತು. ರಾತ್ರಿ ಮಲಗೋ ಮುಂಚೆ ಕೈ ಬದಲಿಗೆ ಹಾಕ್ಕೊಂಡಿರೋ ಕೊಕ್ಕೆ ಬಿಚ್ಚಿಟ್ರೆ ತಾನು ಎಷ್ಟು ಅಸಹಾಯಕ ಅಂತ ಪ್ರೀತಿಸಿದ ಹುಡುಗಿಗೆ ತೋರ್ಸೋ ಸೀನ್‌ನಲ್ಲಿ ಅಳು ಇಲ್ಲ, ಭಾಷಣ ಇಲ್ಲ, ಸುಮ್ನೆ ತೋರಿಸ್ತಾನೆ ಅಷ್ಟೇ. ತಮಾಷೆ ಅಂದ್ರೆ ಇದೇ ಪಿಚ್ಚರ್‌ನಲ್ಲಿ ಇನ್ನೊಬ್ಬ ಸೈನಿಕನ ಕುಡಿತನ ಬಹುಪಾಲು ಕಾಮಿಡಿ ಮಾಡ್ಬಿಟ್ಟಿದಾರೆ, ಹಿಂದಿನ ವರ್ಷದ ಪಿಚ್ಚರ್ ನೋಡೇ ಇಲ್ವೇನೋ ಅನ್ನೋ ಥರ!

ನನ್ನ ವೋಟು ಎರಡನೇದಕ್ಕೆ. ಆದ್ರೆ ಮನೇಲಿ ಯಾರಾದ್ರೂ ಕುಡಿಯೋರನ್ನ ಹತ್ರದಿಂದ ನೋಡಿದೀರ ಅಂದ್ರೆ ಮೊದಲನೇದೇ ನಿಮಗೆ ಜಾಸ್ತಿ ತಾಗತ್ತೆ, ರಾತ್ರಿ ಒಬ್ರೇ ಇದ್ದಾಗ ಮಾತ್ರ ಹಾಕ್ಬೇಡಿ.