ಮೂರು ವರ್ಷ ನುಂಗಿದ ಗುಳಿಗೆಗಳ ಲೆಕ್ಕ: ಉಳಿದದ್ದು ಎರಡು

ನನಗೆ 51 ವರ್ಷ. ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್ ಹತ್ತಿರ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತು ತಾಸು ಗಾದಿ ಮೇಲೆ ಕೂತೇ ಇರೋ ಕೆಲಸ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ಆಯಿತು. ಮನೆಯಲ್ಲಿ ಮೊಟ್ಟೆ ಕೂಡ ಬರುವುದಿಲ್ಲ. ಇಷ್ಟು ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಂದಿದ್ದು ನಿಮಗೆ ಹೊಂದುತ್ತದೋ ಇಲ್ಲವೋ ಅನ್ನೋದು ಇದರ ಮೇಲೇ ನಿಂತಿದೆ.

ಈ ಮೂರು ವರ್ಷದಲ್ಲಿ ನಮ್ಮ ಮನೆಗೆ ಬಂದುಹೋದವು ಬಿ12 ಗುಳಿಗೆ, ವಿಟಮಿನ್ ಡಿ ಪುಡಿ, ಒಮೆಗಾ-3 ಕ್ಯಾಪ್ಸೂಲ್, ಪ್ರೋಟೀನ್ ಪುಡಿಯ ಎರಡು ಡಬ್ಬಿ, ಮಲ್ಟಿವಿಟಮಿನ್, ಮತ್ತೆ ನಮ್ಮ ಮನೆಯವಳ ಕೂದಲಿನ ಗುಳಿಗೆ. ಒಂದು ಹಂತದಲ್ಲಿ ತಿಂಗಳಿಗೆ ಮೂರು ಸಾವಿರದ ಮೇಲೆ ಹೋಗುತ್ತಿತ್ತು. ಈಗ ಇನ್ನೂರು ದಾಟುವುದಿಲ್ಲ.

ಶುರುವಾಗಿದ್ದು ಪಾದದ ಉರಿಯಿಂದ. ರಾತ್ರಿ ಮಲಗಿದರೆ ಅಂಗಾಲು ಉರಿ, ಬೆರಳಲ್ಲಿ ಜೋಮು. ಸಕ್ಕರೆಯಿಂದಲೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡು ಆರು ತಿಂಗಳು ಸುಮ್ನೆ ಕೂತೆ. ಕೊನೆಗೆ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಬಿ12 148 ಬಂತು. ಚೀಟಿಯಲ್ಲಿ ಕನಿಷ್ಠ 200ರ ಮೇಲಿರಬೇಕು ಅಂತ ಅಚ್ಚಾಗಿತ್ತು. ವಿಟಮಿನ್ ಡಿ ಬರೀ 11.

ನಗು ಬಂತು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಇಲ್ಲಿ ಬಿಸಿಲಿಗೆ ಬರವೇ? ಆದರೆ ಯೋಚನೆ ಮಾಡಿ. ಬೆಳಿಗ್ಗೆ ಗೋಳಗುಮ್ಮಟದ ತೋಟದಲ್ಲಿ ನನ್ನ ವಾಕಿಂಗ್ ಮುಗಿಯುವ ಹೊತ್ತಿಗೆ ಸೂರ್ಯ ಇನ್ನೂ ಎಳೆಯ. ಚರ್ಮದಲ್ಲಿ ಡಿ ಆಗಬೇಕಾದರೆ ಬೇಕಾದ ಕಿರಣ ಬಿಸಿಲು ಏರಿದ ಮೇಲೇ ಜಾಸ್ತಿ. ಆಗ ನಾನು ಅಂಗಡಿಯ ಗಾಜಿನ ಹಿಂದೆ ಕೂತಿರುತ್ತೇನೆ. ಆ ಕಿರಣ ಗಾಜು ದಾಟಿ ಬರುವುದಿಲ್ಲ. ಹೊರಗೆ ಹೋದರೂ ತಲೆಗೆ ಟವೆಲ್, ಮೈತುಂಬ ಅಂಗಿ.

ಮೊದಲು ಬಿ12 ವಿಷಯ. ಮೂರು ವರ್ಷದ ನನ್ನ ಖರ್ಚಿನಲ್ಲಿ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಇದೊಂದೇ ಅಂದರೂ ತಪ್ಪಿಲ್ಲ. ಶುರುವಿಗೆ ಸೂಜಿ ಹಾಕಿದರು, ಆಮೇಲೆ ಗುಳಿಗೆ. ಉರಿ ಎರಡೂವರೆ ತಿಂಗಳಲ್ಲಿ ಹೋಯಿತು. ಜೋಮು ಪೂರ್ತಿ ಹೋಗಿಲ್ಲ, ಬಲಗಾಲಿನ ಹೆಬ್ಬೆರಳಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಆರು ತಿಂಗಳು ತಡ ಮಾಡಿದ್ದಕ್ಕೆ ದಂಡ ಅಂದುಕೊಂಡಿದ್ದೇನೆ.

ಕೊರತೆಗೆ ಕಾರಣ ಎರಡು ಅಂತ ಡಾಕ್ಟರು ಹೇಳಿದರು. ಒಂದು, ಬಿ12 ಗಿಡದಿಂದ ಬರುವ ಆಹಾರದಲ್ಲಿ ಇರುವುದೇ ಇಲ್ಲ ಅನ್ನಬಹುದು. ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನು, ಇವುಗಳಲ್ಲೇ ಇರೋದು. ಎರಡು, ಸಕ್ಕರೆಗೆ ನಾನು ನುಂಗುವ ಮೆಟ್‌ಫಾರ್ಮಿನ್. ಅದನ್ನು ವರ್ಷಗಟ್ಟಲೆ ತಗೊಂಡರೆ ಹೊಟ್ಟೆಯಿಂದ ಬಿ12 ಹೀರಿಕೊಳ್ಳೋದು ಕಡಿಮೆಯಾಗುತ್ತದೆ. ಮೆಟ್‌ಫಾರ್ಮಿನ್ ತಗೊಳ್ಳುವ ಸಸ್ಯಾಹಾರಿಗಳು ಇದನ್ನು ಓದುತ್ತಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬಿ12 ಬಗ್ಗೆ ಒಂದು ಮಾತು ಕೇಳಿ. ಆದರೆ ಮೆಟ್‌ಫಾರ್ಮಿನ್ ಅನ್ನು ನೀವೇ ನಿಲ್ಲಿಸಬೇಡಿ.

ಗುಳಿಗೆ ಮೇಲೆ 1500 ಮೈಕ್ರೋಗ್ರಾಂ ಅಂತ ಬರೆದಿತ್ತು. ದಿನಕ್ಕೆ ಬೇಕಾಗೋದು 2.2 ಅಂತ ಓದಿದ್ದೆ. ಲೆಕ್ಕದ ಮನುಷ್ಯ ನಾನು, ತಲೆ ಕೆಟ್ಟಿತು. ಇಷ್ಟೊಂದು ಯಾಕೆ? ವಿಷಯ ಹೀಗಿದೆ. ಊಟದಲ್ಲಿ ಬರುವ ಸಣ್ಣ ಪ್ರಮಾಣವನ್ನು ಹೀರಿಕೊಳ್ಳಲು ಹೊಟ್ಟೆಯಲ್ಲಿ ಒಂದು ಬೇರೆ ವ್ಯವಸ್ಥೆ ಇದೆ. ಆದರೆ ಅದು ಒಂದು ಸಲಕ್ಕೆ ಒಂದೆರಡು ಮೈಕ್ರೋಗ್ರಾಂಗಿಂತ ಹೆಚ್ಚು ಎತ್ತಲಾರದು. ಉಳಿದದ್ದರಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ ತಾನಾಗಿ ಒಳಗೆ ಸೇರುತ್ತದೆ. 1500 ನುಂಗಿದರೆ 15ರ ಆಸುಪಾಸು ಸಿಗುತ್ತದೆ ಅಂತಾಯಿತು. ಹೇಗೆ ಬರೆದಿದ್ದರೋ ಹಾಗೇ ತಗೊಂಡೆ. ಮೊದಲು ಹೆಸರುವಾಸಿ ಕಂಪನಿಯದು ತರುತ್ತಿದ್ದೆ. ಈಗ ಡಾಕ್ಟರನ್ನು ಕೇಳಿಯೇ ಜನೌಷಧಿ ಅಂಗಡಿಯದು ತರುತ್ತೇನೆ. ಬೆಲೆ ಅರ್ಧಕ್ಕಿಂತ ಕಡಿಮೆ, ರಕ್ತ ಪರೀಕ್ಷೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಇಲ್ಲೇ ಅವ್ವನ ಜೊತೆ ನನ್ನ ಜಗಳ. ಅವ್ವನಿಗೆ 76. "ರೊಟ್ಟಿ, ಪಲ್ಯ, ಹಿಂಡಿ ಉಂಡವರಿಗೆ ಗುಳಿಗಿ ಯಾಕ ಬೇಕೋ ತಮ್ಮಾ?" ಅಂತ ದಿನಾ ಕೇಳುತ್ತಿದ್ದಳು. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ನೂರಕ್ಕೆ ತೊಂಬತ್ತು ಅವಳ ಮಾತು ಸರಿ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಜೋಳದಲ್ಲಿ ಬಿ12 ಇಲ್ಲ, ಅಗಸಿಯಲ್ಲಿ ಇಲ್ಲ, ಪುಂಡಿ ಪಲ್ಯದಲ್ಲೂ ಇಲ್ಲ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಸಿಕ್ಕೀತು. ನಾನು ಹಾಲು ಕಂಡಿದ್ದು ಚಹಾದಲ್ಲಿ ಮಾತ್ರ. ಈಗ ಮಧ್ಯಾಹ್ನ ಒಂದು ಬಟ್ಟಲು ಮೊಸರು ತಪ್ಪಿಸುವುದಿಲ್ಲ, ಆದರೂ ಗುಳಿಗೆ ಬಿಟ್ಟಿಲ್ಲ.

ವಿಟಮಿನ್ ಡಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಅಂಕ ಪುಡಿಯದಲ್ಲ, ನನ್ನ ದಡ್ಡತನದ್ದು. 60,000 ಯೂನಿಟ್ಟಿನ ಪುಡಿ, ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು. ಚೀಟಿಯಲ್ಲಿ ಇಷ್ಟೇ ಇತ್ತು. ನಾನು ಚೀಟಿ ಕಳೆದುಕೊಂಡೆ. ಔಷಧಿ ಅಂಗಡಿಯಲ್ಲಿ ಕೇಳಿದರೆ ಚೀಟಿ ಇಲ್ಲದೆಯೇ ಕೊಡುತ್ತಿದ್ದರು. ವಾರಕ್ಕೊಂದು ಅಂತ ಏಳು ತಿಂಗಳು ಕುಡಿದೆ! ಮತ್ತೆ ಪರೀಕ್ಷೆ ಮಾಡಿಸಿದಾಗ 96 ಬಂತು. ಡಾಕ್ಟರು ಕನ್ನಡಕ ತೆಗೆದಿಟ್ಟು ಬೈದರು. ಬಿ12 ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಅದು ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮೂತ್ರಪಿಂಡಕ್ಕೆ ತೊಂದರೆ. ನನ್ನ ಕ್ಯಾಲ್ಸಿಯಂ ಸದ್ಯ ಸರಿ ಇತ್ತು. ನಾಲ್ಕು ತಿಂಗಳು ಪೂರ್ತಿ ನಿಲ್ಲಿಸಿದರು. ವಾರಕ್ಕೊಂದರ ಪುಡಿಯನ್ನು ದಿನಕ್ಕೊಂದು ಅಂತ ಕುಡಿದು ಆಸ್ಪತ್ರೆ ಸೇರಿದವರೂ ಇದ್ದಾರಂತೆ, ಅವರೇ ಹೇಳಿದರು. ಸೊಂಟ ನೋವು ಮಾತ್ರ ನಿಜವಾಗಿ ಕಡಿಮೆ ಆಗಿದೆ. ಇದರಿಂದಲೋ, ಕುರ್ಚಿ ಬಿಟ್ಟು ಗಾದಿಗೆ ಬಂದಿದ್ದರಿಂದಲೋ ಹೇಳಲಾರೆ. ಅಂದಹಾಗೆ, ಬರೀ ನೀರಲ್ಲಿ, ಖಾಲಿ ಹೊಟ್ಟೆಯಲ್ಲಿ ಬೇಡ. ಹಾಲಲ್ಲಿ ಕಲಸಿ, ಊಟದ ಹೊತ್ತಿಗೆ ತಗೊಳ್ಳಿ. ಜಿಡ್ಡಿದ್ದರೆ ಚೆನ್ನಾಗಿ ಹಿಡಿಯುತ್ತದೆ.

ಒಮೆಗಾ-3 ಕಥೆ ಬೇರೆ. ಹೃದಯಕ್ಕೆ ಒಳ್ಳೆಯದು ಅಂತ ಆನ್‌ಲೈನಲ್ಲಿ ತರಿಸಿದೆ. ಮೇ ತಿಂಗಳಲ್ಲಿ ಡಬ್ಬಿಯೊಳಗಿನ ಕ್ಯಾಪ್ಸೂಲೆಲ್ಲ ಕರಗಿ ಒಂದಕ್ಕೊಂದು ಅಂಟಿ ಉಂಡೆಯಾದವು. ಬಿಡಿಸಲು ಕೂತಾಗ ಮಗ ಡಬ್ಬಿಯ ಹಿಂದಿನ ಕಂದು ತ್ರಿಕೋನ ನೋಡಿದ. ಮಾಂಸಾಹಾರದ ಗುರುತು ಅದು. ಎಣ್ಣೆ ಮೀನಿನದು, ಹೊದಿಕೆ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್. ನಾನು ಮೂರು ತಿಂಗಳು ನುಂಗಿಯಾಗಿತ್ತು. "ಏ ತಮ್ಮಾ, ಇದರಾಗ ಮೀನಿನ ಎಣ್ಣಿ ಐತಂತ?" ಅಂತ ಅವ್ವ. ಡಬ್ಬಿ ಅವತ್ತೇ ಹೊರಗೆ ಹೋಯಿತು. ಆಮೇಲೆ ಮಗ ಬೇಕಂತಲೇ ಇನ್ನೊಂದು ಹೇಳಿದ. ನನ್ನ ಪುಡಿಯಲ್ಲಿರುವ ವಿಟಮಿನ್ ಡಿ3ಯನ್ನು ಬಹಳ ಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೀತಾರೆ ಅಂತ. ಅವ್ವ ಯೋಚಿಸಿ ಹೇಳಿದ್ದು: "ಕಂಬಳಿ ಹೊದ್ದಕೊಳ್ಳೂದಿಲ್ಲೇನ? ಅದು ನಡೀತೈತಿ." ಹಾಗಾಗಿ ಪುಡಿ ಉಳಿಯಿತು.

ಕ್ಯಾಪ್ಸೂಲ್ ಹೋಗಿದ್ದಕ್ಕೆ ನನಗೆ ಬೇಸರವಿಲ್ಲ. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರಲ್ಲಿ ಕೆಲವರಿಗೆ ಒಮೆಗಾ-3, ಕೆಲವರಿಗೆ ವಿಟಮಿನ್ ಡಿ, ಕೆಲವರಿಗೆ ಎರಡೂ, ಉಳಿದವರಿಗೆ ಬರೀ ಹುಸಿ ಗುಳಿಗೆ ಐದು ವರ್ಷ ಕೊಟ್ಟು ನೋಡಿದ ವೈಟಲ್ ಅನ್ನೋ ದೊಡ್ಡ ಅಧ್ಯಯನ ಇದೆ. ಫಲಿತಾಂಶ 2018ರಲ್ಲಿ ಬಂತು. ಮೊದಲೇ ಕೊರತೆ ಇದ್ದವರನ್ನು ಆರಿಸಿ ಮಾಡಿದ್ದಲ್ಲ ಅದು, ಸಾಮಾನ್ಯ ಜನ. ಅವರಲ್ಲಿ ಕ್ಯಾನ್ಸರ್ ಬರೋದಾಗಲಿ, ಹೃದಯಾಘಾತ, ಪಾರ್ಶ್ವವಾಯುಗಳ ಒಟ್ಟು ಲೆಕ್ಕವಾಗಲಿ ಕಡಿಮೆ ಆಗಲಿಲ್ಲ. ನನಗೆ 11 ಇದ್ದಾಗ ಡಿ ಬೇಕಿತ್ತು. ಸರಿ ಇದ್ದವನು ಇನ್ನಷ್ಟು ನುಂಗಿದರೆ ಇನ್ನಷ್ಟು ಗಟ್ಟಿ ಆಗ್ತಾನೆ ಅನ್ನೋದು ಸುಳ್ಳು. ಮಲ್ಟಿವಿಟಮಿನ್ ಬಿಟ್ಟಿದ್ದೂ ಇದೇ ಲೆಕ್ಕದಲ್ಲಿ.

ಪ್ರೋಟೀನ್ ಪುಡಿ ತಂದಿದ್ದು ನೆಂಟರೊಬ್ಬರ ಮಾತಿಗೆ. ಹೆಸರು ಬೇಡ, ಮದುವೆ ಮುಂಜಿಯಲ್ಲಿ ಮುಖ ನೋಡಬೇಕಲ್ಲ! ಬೆಳಿಗ್ಗೆ ಆರಕ್ಕೆ ಅವರ ಮನೆಯಲ್ಲಿ ಹತ್ತಿಪ್ಪತ್ತು ಜನ ಸೇರುತ್ತಿದ್ದರು, ತೂಕ ನೋಡುತ್ತಿದ್ದರು, ಶೇಕ್ ಕುಡಿಯುತ್ತಿದ್ದರು. ರಾತ್ರಿ ಊಟದ ಬದಲು ಅದೇ ಶೇಕ್. ನಾಲ್ಕು ತಿಂಗಳಲ್ಲಿ ನಾಲ್ಕು ಕೆಜಿ ಇಳಿದೆ. ಸಂತೋಷವಾಯಿತು. ನಿಲ್ಲಿಸಿದ ಮೇಲೆ ಐದು ಏರಿದೆ. "ಇನ್ನ ಸಕ್ಕರಿ ಗುಳಿಗಿ ಬಿಡಬಹುದು" ಅಂತ ಅವರು ಅಂದ ದಿನ ನಾನು ಅಲ್ಲಿಗೆ ಹೋಗೋದು ಬಿಟ್ಟೆ. ಡಬ್ಬಿಯ ಮೇಲೇ ಔಷಧಕ್ಕಾಗಿ ಬಳಸುವುದಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕಾನೂನು ಹಾಗಿದೆ. ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯೂ ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿದೆ. ಅದರಲ್ಲಿ ಸಕ್ಕರೆ, ಸಿಹಿಕಾರಕ, ಕೃತಕ ವಾಸನೆ ಸೇರಿರಬಹುದು ಅಂತ.

ಮನೆಯವಳ ಕೂದಲಿನ ಗುಳಿಗೆ ಮಾತ್ರ ನಮ್ಮನ್ನು ನಿಜವಾಗಿ ಹೆದರಿಸಿತು. ಬಯೋಟಿನ್ ಅನ್ನೋ ಒಂದು ಬಿ ವಿಟಮಿನ್, 10 ಮಿಲಿಗ್ರಾಂ. ದಿನಕ್ಕೆ ಬೇಕಾಗೋದು 40 ಮೈಕ್ರೋಗ್ರಾಂ ಇರಬಹುದು, ಇದು ಅದರ 250 ಪಟ್ಟು. ಯಾವುದಕ್ಕೋ ಥೈರಾಯಿಡ್ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್, ಅಂದರೆ ಥೈರಾಯಿಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು, ತೀರಾ ಕಡಿಮೆ ಬಂತು. ಅದು ಕಡಿಮೆ ಅಂದರೆ ಥೈರಾಯಿಡ್ ಜಾಸ್ತಿ ಆಗಿದೆ, ದೊಡ್ಡ ಡಾಕ್ಟರಿಗೆ ತೋರಿಸಿ ಅಂದರು. ಆ ದೊಡ್ಡ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಕೂದಲು, ಉಗುರಿಗೆ ಏನಾದರೂ ತಗೊಳ್ತೀರಾ ಅಮ್ಮಾ?" ಬಯೋಟಿನ್ ಜಾಸ್ತಿ ಇದ್ದರೆ ಕೆಲವು ರಕ್ತ ಪರೀಕ್ಷೆಗಳ ಯಂತ್ರವೇ ಮೋಸ ಹೋಗುತ್ತದಂತೆ. ಅಮೆರಿಕದ ಔಷಧ ಇಲಾಖೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಒಂದು ವಾರ ಬಿಟ್ಟು ಮತ್ತೆ ಮಾಡಿಸಿದರೆ ಎಲ್ಲ ಸರಿ ಇತ್ತು. ಕೂದಲು ಉದುರುತ್ತಿದ್ದುದಕ್ಕೆ ಬಹುಶಃ ರಕ್ತ ಕಡಿಮೆ ಇದ್ದದ್ದೇ ಕಾರಣ. ಹಿಮೋಗ್ಲೋಬಿನ್ 9.8 ಇತ್ತು. ಅದಕ್ಕೆ ಕಬ್ಬಿಣದ ಗುಳಿಗೆ ಕೊಟ್ಟರು, ಊಟ ಆದ ಕೂಡಲೇ ಚಹಾ ಕುಡಿಯೋದು ಬಿಡಿಸಿದರು. ಚಹಾ ಕಬ್ಬಿಣವನ್ನು ಹೊಟ್ಟೆಗೆ ಹಿಡಿಯಲು ಬಿಡುವುದಿಲ್ಲ. ಪಲ್ಯದ ಮೇಲೆ ಇಂಡಿ ನಿಂಬೆ ಹಿಂಡಿಕೊಂಡರೆ ಹಿಡಿಯಲು ಸಹಾಯ ಆಗುತ್ತದೆ. ಗುಳಿಗೆ ಬಿಡುವುದಕ್ಕಿಂತ ಚಹಾ ಬಿಡೋದೇ ಅವಳಿಗೆ ಕಷ್ಟವಾಯಿತು.

ಈಗ ಅವ್ವನ ತೊಂಬತ್ತು ಅಂಕದ ಮಾತು. ಗುಳಿಗೆ ಒಂದೊಂದೇ ಹೋದ ಜಾಗಕ್ಕೆ ತಾಟಿನಲ್ಲಿ ಏನು ಬಂತು ಅಂದರೆ, ಹೊಸದೇನೂ ಅಲ್ಲ. ಚಿಕ್ಕಂದಿನಲ್ಲಿ ಉಂಡು, ನಡುವೆ ಬಿಟ್ಟದ್ದು. ಒಮೆಗಾ-3ಗೆ ಅಗಸಿ ಹಿಂಡಿ. ಅಗಸಿಯಲ್ಲಿರುವ ಒಮೆಗಾ-3 ಮೀನಿನದರ ಹಾಗಲ್ಲ, ದೇಹ ಅದನ್ನು ಆ ರೂಪಕ್ಕೆ ಬದಲಿಸೋದು ಬಹಳ ಕಡಿಮೆ. ಅದು ಗೊತ್ತಿದ್ದೂ ತಿನ್ನುತ್ತೇನೆ, ಯಾಕೆಂದರೆ ಜೊತೆಗೆ ನಾರು ಇದೆ, ರುಚಿ ಇದೆ. ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಹುರಿದು ಕುಟ್ಟಲೇಬೇಕು. ಕುಟ್ಟಿಟ್ಟರೆ ಬೇಗ ಕಮಟು ವಾಸನೆ ಬರುತ್ತದೆ. ಅದಕ್ಕೇ ಅವ್ವ ಹತ್ತು ದಿನಕ್ಕಾಗುವಷ್ಟೇ ಮಾಡುತ್ತಾಳೆ. ಪ್ರೋಟೀನಿಗೆ ಮಡಕಿ ಕಾಳು, ಹೆಸರು, ಝುಣಕ, ಶೇಂಗಾ. ಹಸಿ ಮೆಂತ್ಯೆ, ಹಕ್ಕರಕಿ ಸಿಕ್ಕ ದಿನ ರೊಟ್ಟಿ ಜೊತೆ ಅದೇ ಸಾಕು.

ಬಿಳಿಜೋಳದ ರೊಟ್ಟಿ ಬಗ್ಗೆ ಒಂದು ಮಾತು. 2023ನ್ನು ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಆಚರಿಸಿದಾಗಿನಿಂದ ಜೋಳಕ್ಕೆ ಸಕ್ಕರೆ ಕಾಯಿಲೆಯ ಮದ್ದು ಅನ್ನೋ ಪಟ್ಟ ಸಿಕ್ಕಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇದೆ, ನಿಜ. ಆದರೆ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನಾಲ್ಕು ಬಿಸಿ ರೊಟ್ಟಿ ತಿಂದು ಎರಡು ತಾಸಿಗೆ ಬೆರಳು ಚುಚ್ಚಿ ನೋಡಿದೆ, 231. ಎರಡು ರೊಟ್ಟಿ, ಎರಡರಷ್ಟು ಪಲ್ಯ, ಮೊಸರು ಇಟ್ಟುಕೊಂಡ ದಿನ 160ರ ಹತ್ತಿರ. ಎರಡಕ್ಕೇ ಎದ್ದರೆ ಅವ್ವನಿಗೆ ಸಿಟ್ಟು. ಎಳ್ಳ ಅಮಾವಾಸ್ಯೆ ದಿನ ಹೊಲದಲ್ಲಿ ಸಜ್ಜಿ ರೊಟ್ಟಿ, ಭರ್ತ, ಕರ್ಚಿಕಾಯಿ ಮುಂದಿಟ್ಟುಕೊಂಡು ಈ ಲೆಕ್ಕ ನಡೆಯುವುದಿಲ್ಲ, ಅವತ್ತು ನೋಡುವುದೂ ಇಲ್ಲ.

ಸದ್ಯ ಮನೆಯಲ್ಲಿ ಇರೋದು ದಿನಕ್ಕೊಂದು ಬಿ12 ಗುಳಿಗೆ, ತಿಂಗಳಿಗೊಂದು ಡಿ ಪುಡಿ. ವರ್ಷಕ್ಕೊಮ್ಮೆ ಎರಡರದೂ ಪರೀಕ್ಷೆ. ಹೋದ ಸಲ ಬಿ12 470, ಡಿ 38. ತಿಂಗಳ ಪುಡಿ ಮರೆಯಬಾರದು ಅಂತ ಅಮಾವಾಸ್ಯೆಗೆ ಒಂದು ಅಂತ ಗೊತ್ತು ಮಾಡಿಕೊಂಡಿದ್ದೇನೆ. ನಾನು ಮರೆತರೂ ಅವ್ವ ಮರೆಯುವುದಿಲ್ಲ. ಗುಳಿಗೆ ಯಾಕೆ ಅಂತಿದ್ದವಳೇ ಈಗ ಹಾಲು ಬಿಸಿ ಮಾಡಿಟ್ಟು ಕೂಗುತ್ತಾಳೆ, "ಇವತ್ತ ಅಮಾಸಿ ಐತಿ, ನಿನ್ನ ಪುಡಿ ಕುಡದೇನ?"