ಹಂಗೇರಿಯ ಡಬ್ಬಿಯೋ, ಬ್ಯಾಡಗಿ ಡಬ್ಬಿಯೋ?

ಆನ್‌ಲೈನ್‌ನಲ್ಲಿ ಸಿಗುವ 100 ಗ್ರಾಂ ತಗಡಿನ ಡಬ್ಬಿ, ಒಳಗೆ ಹಂಗೇರಿಯ ಪಪ್ರಿಕಾ, ಅಂದರೆ ಒಣ ಕೆಂಪು ಮೆಣಸಿನಕಾಯಿಯ ಪುಡಿ. ಅದೇ ಬೇಕೋ, ನಮ್ಮ ಬ್ಯಾಡಗಿ ಮೆಣಸಿನಕಾಯಿಯೇ ಸಾಕೋ? ತರಿಸುವ ಮೊದಲು ಚೀಟಿ ಓದಿ. ‘ಏದೆಶ್‌ನೆಮೆಶ್’ ಅಂದರೆ ಸಿಹಿ ದರ್ಜೆ, ಬೇಕಾದದ್ದು ಅದೇ. ‘ಚೀಪೋಶ್’ ಅಂದರೆ ಖಾರದ್ದು. ಊರು ಸೆಗೆಡ್ ಅಥವಾ ಕಲೊಚಾ ಇರಲಿ. ನಮಗೆ ಬ್ಯಾಡಗಿ ಹೇಗೋ ಅವರಿಗೆ ಆ ಎರಡು ಊರು. ಹೊಗೆ ಹಾಕಿದ ಪಪ್ರಿಕಾ ಬೇಡ, ಅದು ಸ್ಪೇನಿನವರ ರುಚಿ.

1956ರ ದಂಗೆಯನ್ನು ಸೋವಿಯತ್ ಸೈನ್ಯ ಹತ್ತಿಕ್ಕಿದ ಮೇಲೆ ಸುಮಾರು 2 ಲಕ್ಷ ಜನ ಹಂಗೇರಿ ಬಿಟ್ಟರು. ಆಸ್ಟ್ರಿಯಾದ ಗಡಿ ದಾಟಿ ಕೆನಡಾ, ಅಮೆರಿಕ, ಆಸ್ಟ್ರೇಲಿಯಾ ಸೇರಿದವರು ಬಹಳ. ಅಲ್ಲಿಯ ಅಂಗಡಿಗಳಲ್ಲಿ ಪಪ್ರಿಕಾ ಎಂದರೆ ಬೇಯಿಸಿದ ತತ್ತಿಯ ಮೇಲೆ ಬಣ್ಣಕ್ಕೆ ಉದುರಿಸುವ ಪುಡಿ. ಇವರ ಮನೆಯಲ್ಲಿ ಅದು ಚಿಟಿಕೆ ಲೆಕ್ಕದ್ದಲ್ಲ, ದೊಡ್ಡ ಚಮಚದ ಲೆಕ್ಕದ್ದು. ಹೊರಗೆ ಇಂಗ್ಲಿಷ್, ಮನೆಯೊಳಗೆ ‘ಅಪಾ’, ‘ಅನ್ಯಾ’ ಎನ್ನುತ್ತ ಬೆಳೆದ ಮಕ್ಕಳಿಗೆ (ಅಪಾ ಎಂದರೆ ಅಪ್ಪನೇ, ನಂಬಿ) ಉಳ್ಳಾಗಡ್ಡಿ ಮತ್ತು ಪಪ್ರಿಕಾ ಕೂಡಿದ ವಾಸನೆಯೇ ಮನೆಯ ವಾಸನೆ. ಅಂಥ ಮನೆಯ ಸೊಸೆಯೋ ಗೆಳೆಯರೋ ಹುಬ್ಬಳ್ಳಿಗೆ ಬಂದರೆ ಆ ರುಚಿ ಇಲ್ಲಿ ಬಂದೀತೇ ಎನ್ನುವುದೇ ಪರೀಕ್ಷೆ.

ಪರೀಕ್ಷೆಗೆ ‘ಪಪ್ರಿಕಾಶ್ ಕ್ರುಂಪ್ಲಿ’, ಅಂದರೆ ಬಟಾಟಿಯ ಗಟ್ಟಿ ರಸ. ಅವರಲ್ಲಿ ಇದಕ್ಕೆ ಸಾಸೇಜ್ ಬೀಳುವುದು ಹೆಚ್ಚು, ಬಿಟ್ಟರೂ ನಡೆಯುತ್ತದೆ. ನಾಲ್ಕು ಜನಕ್ಕೆ ಬಟಾಟಿ 1 ಕಿಲೋ, ಉಳ್ಳಾಗಡ್ಡಿ 250 ಗ್ರಾಂ, ಎಣ್ಣೆ 3 ದೊಡ್ಡ ಚಮಚ, ಪಪ್ರಿಕಾ 2 ದೊಡ್ಡ ಚಮಚ, ಒಂದು ಟೊಮೆಟೊ, ಒಂದು ಡೊಣ್ಣಮೆಣಸಿನಕಾಯಿ. ಉಳ್ಳಾಗಡ್ಡಿಯನ್ನು ಸಣ್ಣ ಉರಿಯಲ್ಲಿ 15 ನಿಮಿಷ ಮೆತ್ತಗೆ ಮಾಡಿ; ನಮ್ಮ ಗ್ರೇವಿಯ ಹಾಗೆ ಕೆಂಪಗೆ ಹುರಿಯಬಾರದು. ನಂತರ ಗ್ಯಾಸ್ ಬಂದ್ ಮಾಡಿ. ಪುಡಿ ಹಾಕಿ ಹತ್ತು ಸೆಕೆಂಡ್ ಕೈಯಾಡಿಸಿ, ಕೂಡಲೇ ಅರ್ಧ ಲೋಟ ನೀರು ಸುರಿಯಿರಿ. ಇಲ್ಲಿಯೇ ಎಲ್ಲರೂ ತಪ್ಪುವುದು. ಒಗ್ಗರಣೆಯ ಕಾದ ಎಣ್ಣೆಗೆ ಖಾರ ಹಾಕಿ ರೂಢಿ ನಮಗೆ. ಪಪ್ರಿಕಾದಲ್ಲಿ ಸಕ್ಕರೆ ಅಂಶ ಹೆಚ್ಚು, ಕಾದ ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಕಂದಿ ಕಹಿಯಾಗುತ್ತದೆ. ಕಹಿಯಾದರೆ ಚೆಲ್ಲಿ ಮೊದಲಿಂದ ಶುರು ಮಾಡಿ, ಬೆಲ್ಲ ಹಾಕಿ ಉಳಿಸಲು ಹೋಗಬೇಡಿ. ಆಮೇಲೆ ಬಟಾಟಿ, ಟೊಮೆಟೊ, ಡೊಣ್ಣಮೆಣಸಿನಕಾಯಿ, ಉಪ್ಪು, ಮುಳುಗುವಷ್ಟು ನೀರು ಹಾಕಿ, ಮತ್ತೆ ಗ್ಯಾಸ್ ಹಚ್ಚಿ ಬಟಾಟಿ ಮೆತ್ತಗಾಗುವವರೆಗೆ ಬೇಯಿಸಿ. ಅವರು ಹಾಕುವ ಕ್ಯಾರವೇ ಕಾಳು ನೋಡಲು ಜೀರಿಗೆಯಂತಿದ್ದರೂ ನಮ್ಮ ಜೀರಿಗೆಯಲ್ಲ, ಸಿಗದಿದ್ದರೆ ಬಿಟ್ಟುಬಿಡಿ.

ತಗಡಿನ ಡಬ್ಬಿಯ ಪುಡಿಯಲ್ಲಿ ಖಾರ ಇಲ್ಲವೆನ್ನುವಷ್ಟು ಕಡಿಮೆ. ಒಣಗಿದ ಕೆಂಪು ಡೊಣ್ಣಮೆಣಸಿನಕಾಯಿಯ ಸಿಹಿ ವಾಸನೆ, ರಸದ ಮೇಲೆ ಕಿತ್ತಳೆಗೆಂಪು ಎಣ್ಣೆಯ ಉಂಗುರಗಳು. ಅದಕ್ಕೆ ಪೂರ್ತಿ ಅಂಕ. ದೂರು ಒಂದೇ: ಹಳೆಯ ಮಾಲು ಬರುವುದುಂಟು. ಇಟ್ಟಿಗೆಯ ಪುಡಿಯ ಹಾಗೆ ಮಂಕಾಗಿ ವಾಸನೆಯಿಲ್ಲದೆ ಬಂದರೆ ವಾಪಸ್ ಕಳಿಸಿ.

ಇನ್ನು ಬ್ಯಾಡಗಿ. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಪಡೆದ ಈ ಕಾಯಿಯಲ್ಲಿ ‘ಕಡ್ಡಿ’ ಜಾತಿಗಿಂತ ‘ಡಬ್ಬಿ’ ಜಾತಿಯದೇ ಈ ಕೆಲಸಕ್ಕೆ ಸರಿ: ಗಿಡ್ಡ, ಉಬ್ಬಿದ ಕಾಯಿ, ಖಾರ ಕಡಿಮೆ, ಬಣ್ಣ ಹಂಗೇರಿಯ ಪುಡಿಗಿಂತ ಗಾಢ. ತೊಟ್ಟು, ಬೀಜ, ಒಳಗಿನ ಬಿಳಿ ನರ ತೆಗೆಯಿರಿ. ಖಾರ ಕೂತಿರುವುದೇ ಆ ನರದಲ್ಲಿ. ಹುರಿಯದೆ ಬಿಸಿಲಿಗೆ ಗರಿಗರಿ ಮಾಡಿ, ನುಣ್ಣಗೆ ಬೀಸಿ, ಜರಡಿ ಹಿಡಿಯಿರಿ. ಆದರೂ ಸ್ವಲ್ಪ ಖಾರ ಉಳಿಯುತ್ತದೆ, ಸಿಹಿ ಸಾಲದು. ಒಂದೂವರೆ ದೊಡ್ಡ ಚಮಚ ಪುಡಿಗೆ ಒಂದು ಕೆಂಪು ಡೊಣ್ಣಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ರುಬ್ಬಿ ಹಾಕಿದರೆ ಹತ್ತಿರ ಹತ್ತಿರ ಬರುತ್ತದೆ. ಮನೆಯ ಮಸಾಲಿ ಖಾರ ಮಾತ್ರ ಮುಟ್ಟಬೇಡಿ. ಬಳ್ಳೊಳ್ಳಿ, ಕೊಬ್ಬರಿ ಬಿದ್ದ ಕೂಡಲೇ ಅದು ನಮ್ಮ ಬಟಾಟಿ ಸಾರೇ.

ವರ್ಷಕ್ಕೊಮ್ಮೆ ಅತಿಥಿಗಾಗಿ ಮಾಡುವವರು ತಗಡಿನ ಡಬ್ಬಿ ತರಿಸಲಿ. ತಿಂಗಳಿಗೆರಡು ಸಲ ಮಾಡುವವರಿಗೆ ಬ್ಯಾಡಗಿಯೇ ಸರಿ. ಯಾವುದನ್ನೇ ತಂದರೂ ಒಲೆಯ ಪಕ್ಕದ ಗಾಜಿನ ಭರಣಿಯಲ್ಲಿಡಬೇಡಿ, ಬೆಳಕಿಗೆ ಬಣ್ಣ ಹಾರುತ್ತದೆ. ಫ್ರಿಜ್ಜಿನಲ್ಲಿಟ್ಟು ಆರು ತಿಂಗಳೊಳಗೆ ಮುಗಿಸಿ.